ಲಾಂಗ್ ಟ್ರಿಪ್ ಮಧ್ಯೆ ಫ್ರೆಂಡ್ಸ್ ಜೊತೆ ಗೋಕರ್ಣ-ತದಡಿಯಲ್ಲಿ ಒಂದು ಆರಾಮ್ ದಿನ: ಸಮಗ್ರ ಮಾರ್ಗದರ್ಶಿ

ಬೆಂಗಳೂರಿಂದ ಹೊರಟು ಗೋವಾ, ರತ್ನಾಗಿರಿ, ಮುಂಬೈ ಅಂತ ಹೋಗೋರು, ಇಲ್ಲಾ ಪುಣೆ ಕಡೆಯಿಂದ ಕರಾವಳಿ ಹಿಡಿದು ಮಂಗಳೂರು, ಕೇರಳ ಅಂತ ಇಳಿಯೋರು, ಯಾರೇ ಆಗ್ಲಿ ಎಂಟು ಹತ್ತು ದಿನದ ಟ್ರಿಪ್ ಹಾಕ್ಕೊಂಡ್ರೆ ಮೂರನೇ ನಾಲ್ಕನೇ ದಿನಕ್ಕೆ ಎಲ್ರಿಗೂ ಸುಸ್ತು ಶುರುವಾಗುತ್ತೆ. ಡ್ರೈವ್ ಮಾಡೋನಿಗೆ ಬೆನ್ನು, ಹಿಂದೆ ಕೂತೋರಿಗೆ ಕಾಲು, ಸಣ್ಣ ಸಣ್ಣ ವಿಷಯಕ್ಕೆ ಮುನಿಸು. ಆ ದಿನಕ್ಕೆ ಸರಿಯಾಗಿ ಒಂದು ಬಿಡುವು ಇಟ್ಕೊಂಡ್ರೆ ಮಿಕ್ಕ ಟ್ರಿಪ್ ಉಳಿಯುತ್ತೆ. ಆದ್ರೆ ಬಿಡುವು ಅಂತ ಹೇಳಿ ಆ ದಿನಕ್ಕೂ ಆರು ಜಾಗ ತುಂಬಿಸೋದನ್ನೇ ಎಲ್ಲಾ ಕಡೆ ನೋಡ್ತೀನಿ, ಅದಕ್ಕೆ ಇದನ್ನ ಬರೀತಾ ಇರೋದು. ನಾನು ಹೇಳೋ ಜಾಗ ಗೋಕರ್ಣ, ಅಲ್ಲಿಂದ ತದಡಿ, ಹೊಳೆ ದಾಟಿ ಅಘನಾಶಿನಿ ಅನ್ನೋ ಊರು. ನಿಯಮ ಒಂದೇ: ಆವತ್ತಿನ ಟೈಮ್‌ಟೇಬಲ್ ಕಡಲು ಹಾಕ್ಬೇಕು, ನಾವಲ್ಲ. ಉಬ್ಬರ ಇಳಿತ ಯಾವಾಗ, ಬಿಸಿಲು ಯಾವಾಗ, ಸೂರ್ಯ ಮುಳುಗೋದು ಯಾವಾಗ, ಇಷ್ಟನ್ನ ನೋಡ್ಕೊಂಡ್ರೆ ದಿನ ತಾನಾಗೇ ಜೋಡಿಸ್ಕೊಳ್ಳುತ್ತೆ.

ಗೋಕರ್ಣದ ಕಥೆ ಗೊತ್ತಿರೋರಿಗೆ ನೆನಪಿರುತ್ತೆ, ಕೈಲಾಸದಿಂದ ಲಂಕೆ ತನಕ ಆತ್ಮಲಿಂಗ ಹೊತ್ಕೊಂಡು ಹೊರಟಿದ್ದ ರಾವಣ ಸಂಧ್ಯಾವಂದನೆಗೆ ಅಂತ ನಿಂತಿದ್ದು ಇದೇ ಕಡಲ ತೀರದಲ್ಲಿ. ದೂರ ಹೋಗೋರು ಇಲ್ಲಿ ನಿಲ್ಲೋದು ಇವತ್ತಿನ ಸಂಗತಿ ಅಲ್ಲ.

ಮೊದಲನೇದು: ದಿನ ಯಾವುದು ಅಂತ ಫಿಕ್ಸ್ ಮಾಡೋದು

ಅಕ್ಟೋಬರ್‌ನಿಂದ ಫೆಬ್ರವರಿ ತನಕ ಹವೆ ಚೆನ್ನಾಗಿರುತ್ತೆ. ಮಾರ್ಚ್‌ನಿಂದ ಮೇ ತನಕ ಬೆವರಿನ ಸೆಕೆ, ಮಧ್ಯಾಹ್ನ ಹೊರಗೆ ಕಾಲಿಡೋಕಾಗಲ್ಲ, ಆದ್ರೆ ಆಗ ಬಂದೋರಿಗೆ ಬೇರೆ ಲಾಭ ಇದೆ, ಗೋಕರ್ಣ ಹತ್ರದ ಸಾಣಿಕಟ್ಟಾದಲ್ಲಿ ಉಪ್ಪಿನ ಗದ್ದೆ ಕೆಲಸ ನೋಡಬಹುದು, ಬೇಸಿಗೆ ಏರ್ತಿದ್ದಂಗೆ ಕುಮಟಾ ಹತ್ರ ಹೈವೇ ಪಕ್ಕ ಜಡೆ ಹೆಣೆದಂಗೆ ಕಟ್ಟಿ ನೇತುಹಾಕಿರೋ ಸಿಹಿ ಈರುಳ್ಳಿ ಸಿಗುತ್ತೆ, ಮೇ ತಿಂಗಳಲ್ಲಿ ಅಂಕೋಲಾದ ಕರಿ ಇಶಾಡು ಮಾವು. ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ, ಊರು ಹಸಿರಾಗಿ ಚೆಂದ ಇರುತ್ತೆ ಆದ್ರೆ ಕಡಲು ನೋಡೋಕೆ ಮಾತ್ರ, ಇಳಿಯೋಕಲ್ಲ. ಜೂನ್ ಜುಲೈನಲ್ಲಿ ಯಾಂತ್ರಿಕ ಬೋಟ್‌ಗಳ ಮೀನುಗಾರಿಕೆಗೂ ನಿಷೇಧ ಇರುತ್ತೆ, ಮೀನೂಟ ಅಂತ ಆಸೆ ಇಟ್ಕೊಂಡು ಬರೋರು ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ವಾರದಲ್ಲಿ ಸೋಮವಾರದಿಂದ ಗುರುವಾರದೊಳಗೆ ಬರೋ ಹಾಗೆ ಟ್ರಿಪ್ ಜೋಡಿಸಿ. ಶನಿವಾರ ಭಾನುವಾರ ಓಂ ಬೀಚ್ ರೋಡಲ್ಲಿ ಪಾರ್ಕಿಂಗ್ ಹುಡುಕೋದ್ರಲ್ಲೇ ಆರಾಮು ಕಳೆದುಹೋಗುತ್ತೆ. ಶಿವರಾತ್ರಿ ಟೈಮಲ್ಲಿ ಗೋಕರ್ಣಕ್ಕೆ ಬರೋದು ಒಂದು ಭಾಗ್ಯವೇ, ರಥೋತ್ಸವ ನೋಡ್ಬೇಕು ಅಂದ್ರೆ ಆಗಲೇ ಬರಬೇಕು, ಆದ್ರೆ ರೆಸ್ಟ್ ದಿನ ಅಂತ ಅಲ್ಲ.

ಆಮೇಲೆ ಮುಖ್ಯವಾದ್ದು, ಎರಡು ರಾತ್ರಿ ಒಂದೇ ಕಡೆ ರೂಮ್ ಮಾಡಿ. ಆ ದಿನ ಬೆಳಿಗ್ಗೆ ಯಾರೂ ಬ್ಯಾಗ್ ಕಟ್ಟಬಾರದು, ಯಾರೂ ಚೆಕ್‌ಔಟ್ ಟೈಮ್ ನೋಡಬಾರದು. ಇದೊಂದು ಇಲ್ಲ ಅಂದ್ರೆ ಮುಂದಿನ ಯಾವ ಐಡಿಯಾನೂ ಕೆಲಸ ಮಾಡಲ್ಲ. ಎನ್‌ಎಚ್ 66ರಲ್ಲಿ ಮಾದನಗೇರಿ ಹತ್ರ ತಿರುಗಿದ್ರೆ ಸುಮಾರು 10 ಕಿಲೋಮೀಟರ್‌ಗೆ ಗೋಕರ್ಣ. ಸಂಜೆ ಬೆಳಕಿರುವಾಗಲೇ ಊರು ಸೇರಿ, ಒಳಗಿನ ಬೀದಿಗಳು ಇಕ್ಕಟ್ಟು, ದೊಡ್ಡ ಗಾಡಿ ಇದ್ರೆ ರೂಮಿನವರಿಗೆ ಮೊದಲೇ ಫೋನ್ ಮಾಡಿ ಗಾಡಿ ಎಲ್ಲಿ ನಿಲ್ಲಿಸೋದು ಅಂತ ಕೇಳ್ಕೊಳ್ಳಿ.

ಹಿಂದಿನ ರಾತ್ರಿ ಮಾಡೋದು: ಉಬ್ಬರ ಇಳಿತ ನೋಡೋದು

ಇದನ್ನ ಒಳನಾಡಿನಿಂದ ಬಂದೋರು ಯಾರೂ ನೋಡಲ್ಲ, ಕಡಲ ದಿನ ಅರ್ಧ ನಿಂತಿರೋದು ಇದರ ಮೇಲೇ. ಫೋನಲ್ಲಿ ಗೋಕರ್ಣ ಟೈಡ್ ಟೈಮ್ ಅಂತ ಹಾಕಿದ್ರೆ ಸಿಗುತ್ತೆ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ, ಪ್ರತಿ ದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗ್ತಾ ಇರುತ್ತೆ, ಹಂಗಾಗಿ ಹೋದ ವಾರ ಬಂದ ಫ್ರೆಂಡ್ ಹೇಳಿದ ಟೈಮ್ ನಿಮಗೆ ಉಪಯೋಗ ಇಲ್ಲ. ಅಮಾವಾಸ್ಯೆ ಹುಣ್ಣಿಮೆ ಆಸುಪಾಸು ನೀರು ಜಾಸ್ತಿ ಏರಿ ಜಾಸ್ತಿ ಇಳಿಯುತ್ತೆ, ಅಷ್ಟಮಿ ಸುಮಾರಿಗೆ ವ್ಯತ್ಯಾಸ ಕಡಿಮೆ.

ಇದರಿಂದ ಏನು ಗೊತ್ತಾಗುತ್ತೆ ಅಂದ್ರೆ, ಹಗಲಲ್ಲಿ ಇಳಿತ ಯಾವ ಹೊತ್ತಿಗೆ ಬರುತ್ತೋ ಆ ಹೊತ್ತಿಗೆ ತದಡಿ ಹೊಳೆ ಕಡೆ ಇರಬೇಕು, ಯಾಕೆ ಅಂತ ಮುಂದೆ ಹೇಳ್ತೀನಿ. ಇಳಿತ ಬೆಳಿಗ್ಗೆ ಇದ್ರೆ ಬೆಳಿಗ್ಗೆ ಹೊಳೆ, ಸಂಜೆ ಬೀಚ್. ಇಳಿತ ಸಂಜೆ ನಾಲ್ಕರ ಮೇಲೆ ಇದ್ರೆ ಬೆಳಿಗ್ಗೆ ಬೀಚ್, ಸಂಜೆ ಹೊಳೆ. ನಡು ಮಧ್ಯಾಹ್ನ ಇದ್ರೆ ಇಳಿಯೋಕೆ ಶುರುವಾದಾಗಲೇ, ಅಂದ್ರೆ ಹತ್ತು ಗಂಟೆ ಸುಮಾರಿಗೆ ಹೋಗಿ, ಬಿಸಿಲು ಏರೋದ್ರೊಳಗೆ ವಾಪಸ್ ಬನ್ನಿ. ಮಿಕ್ಕಿದ್ದನ್ನ ಬೆಳಿಗ್ಗೆ ಇಳಿತ ಇದೆ ಅಂತ ಇಟ್ಕೊಂಡು ಬರೀತೀನಿ, ನಿಮ್ದು ಉಲ್ಟಾ ಇದ್ರೆ ಉಲ್ಟಾ ಮಾಡ್ಕೊಳ್ಳಿ.

ರಾತ್ರಿಯೇ ಇನ್ನೊಂದು ಕೆಲಸ ಮುಗಿಸಿ. ಎಲ್ರೂ ಇಷ್ಟಿಷ್ಟು ಅಂತ ದುಡ್ಡು ಹಾಕಿ ಒಬ್ಬರ ಕೈಗೆ ಕೊಟ್ಬಿಡಿ, ಚಹಾ, ದೋಣಿ, ಎಳನೀರು, ಪಾರ್ಕಿಂಗ್ ಎಲ್ಲಾ ಆ ಪರ್ಸಿಂದ. ಚಿಲ್ಲರೆ ನೋಟು ಇರಲಿ, ದೋಣಿ ಹತ್ತೋವಾಗ ಫೋನಲ್ಲಿ ನೆಟ್‌ವರ್ಕ್ ಹುಡುಕ್ತಾ ನಿಲ್ಲೋ ಹಾಗಾಗಬಾರದು.

ಬ್ಯಾಗಲ್ಲಿ ಏನಿರಬೇಕು

ಇಬ್ಬರಿಗೊಂದು ಬ್ಯಾಗ್ ಸಾಕು. ತಲಾ ಒಂದು ಲೀಟರ್ ನೀರು, ಎರಡು ಓಆರ್‌ಎಸ್ ಪ್ಯಾಕೆಟ್, ಟೋಪಿ, ತೆಳ್ಳನೆ ಪಂಚೆ ಅಥವಾ ಟವೆಲ್, ಒಂದು ಜೊತೆ ಒಣ ಬಟ್ಟೆ, ಬ್ಯಾಂಡೇಜ್, ಕಸ ಹಾಕೋಕೆ ದೊಡ್ಡ ಕವರ್. ಗಾಡಿ ಕೀಲಿ ವಿಷಯ ಹುಷಾರು, ಈಗಿನ ಕಾರ್ ಕೀಗಳು ಉಪ್ಪು ನೀರು ತಾಗಿದ್ರೆ ಹೋಯ್ತು, ಊರಿಂದ ನಾನೂರು ಐನೂರು ಕಿಲೋಮೀಟರ್ ದೂರದಲ್ಲಿ ಡೂಪ್ಲಿಕೇಟ್ ಕೀ ಎಲ್ಲಿಂದ ತರೋದು. ಜಿಪ್ ಕವರ್‌ನಲ್ಲಿ ಹಾಕಿ ನೀರಿಗೆ ಇಳಿಯದೇ ಇರೋರ ಹತ್ರ ಕೊಡಿ. ಸ್ಪೀಕರ್ ಬೇಡ. ಕುಡ್ಲೆ ಬೀಚಲ್ಲಿ ಬೆಳಿಗ್ಗೆ ಅಲೆ ಸದ್ದು ಬಿಟ್ರೆ ಏನೂ ಕೇಳಿಸಲ್ಲ, ಅದಕ್ಕೇ ಅಲ್ವಾ ಅಷ್ಟು ದೂರ ಬಂದಿರೋದು.

ಬೆಳಿಗ್ಗೆ: ದೇವಸ್ಥಾನಕ್ಕೆ ಹೋಗೋರು, ಮಲಗೋರು

ಗುಂಪಲ್ಲಿ ಒಬ್ಬರಿಬ್ಬರಿಗೆ ಮಹಾಬಲೇಶ್ವರನ ದರ್ಶನ ಮಾಡ್ಲೇಬೇಕು ಅಂತ ಇರುತ್ತೆ, ಇನ್ನೊಬ್ಬರಿಗೆ ನಿದ್ದೆ ಬೇಕು. ಎರಡಕ್ಕೂ ಜಾಗ ಕೊಡಿ, ಎಲ್ರನ್ನೂ ಎಬ್ಬಿಸಿ ಎಳ್ಕೊಂಡು ಹೋಗೋದು ಬೇಡ. ದರ್ಶನಕ್ಕೆ ಹೋಗೋರು ಬೇಗ ಹೋಗಿ. ಹಿಂದಿನಿಂದ ಬಂದ ಕ್ರಮ ಅಂದ್ರೆ ಸಮುದ್ರ ಸ್ನಾನ, ಕೋಟಿತೀರ್ಥ, ಮಹಾಗಣಪತಿ, ಆಮೇಲೆ ಮಹಾಬಲೇಶ್ವರ. ಗಂಡಸರಿಗೆ ಪಂಚೆ ಬೇಕು, ಪ್ಯಾಂಟು ಚಡ್ಡಿ ನಡೆಯಲ್ಲ. ಮಧ್ಯಾಹ್ನ ಬಾಗಿಲು ಹಾಕ್ತಾರೆ. ಬೀಚಿಂದ ಒದ್ದೆ ಬಟ್ಟೆಯಲ್ಲಿ ರಥಬೀದಿಯಲ್ಲಿ ಓಡಾಡಬೇಡಿ, ಅದು ಜನ ಪೂಜೆ ಮಾಡ್ಕೊಂಡು ಬದುಕೋ ಊರು.

ಒಬ್ಬರಾದ್ರೂ ಇಲ್ಲಿ ಎದ್ದು ನಿಂತು, ಆತ್ಮಲಿಂಗದ ಐದೂ ಕ್ಷೇತ್ರ ಇವತ್ತೇ ಮುಗಿಸೋಣ, ಧಾರೇಶ್ವರ, ಗುಣವಂತೆ, ಮುರುಡೇಶ್ವರ, ಶೆಜ್ಜೇಶ್ವರ ಅಂತಾರೆ. ಪುಣ್ಯದ ಕೆಲಸ, ಆದ್ರೆ ಅದಕ್ಕೆ ಬೇರೆ ದಿನ ಇಡಿ. ಮುರುಡೇಶ್ವರ ಒಂದೇ 70 ಕಿಲೋಮೀಟರ್ ಮೇಲಿದೆ, ಹೋಗಿ ಬರೋದ್ರಲ್ಲಿ ದಿನ ಮುಗೀತು. ಯಾಣಕ್ಕೂ ಇದೇ ಮಾತು. ಮಿರ್ಜಾನ್ ಕೋಟೆ ನೋಡ್ಬೇಕು ಅನ್ನೋದು ನ್ಯಾಯ, ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ, ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತ ಕರೀತಿದ್ದೋಳು, ಅವಳ ಹೆಸರು ಸೇರ್ಕೊಂಡಿರೋ ಕೆಂಪುಕಲ್ಲಿನ ಕೋಟೆ, ನೋಡದೇ ಹೋಗಬಾರದು. ಆದ್ರೆ ಅದು ಹೈವೇಗೆ ಅಂಟಿಕೊಂಡಂಗೇ ಇದೆ, ದಕ್ಷಿಣಕ್ಕೆ ಹೋಗೋರು ನಾಳೆ ದಾರಿಯಲ್ಲಿ ನೋಡ್ಕೊಳ್ಳಿ, ಉತ್ತರಕ್ಕೆ ಹೋಗೋರು ಕುಮಟಾ ಕಡೆಯಿಂದ ಬರ್ತಾನೇ ನೋಡಿ ಬನ್ನಿ. ಇವತ್ತು ಗಾಡಿ ಎಷ್ಟು ಕಡಿಮೆ ಓಡುತ್ತೋ ಅಷ್ಟು ಒಳ್ಳೇದು.

ತದಡಿಯಿಂದ ಹೊಳೆ ದಾಟೋದು

ಈ ದಿನದ ಜೀವಾಳ ಇದು, ಮಿಕ್ಕಿದ್ದೆಲ್ಲಾ ಕೈಬಿಟ್ರೂ ಇದನ್ನ ಬಿಡಬೇಡಿ. ಗೋಕರ್ಣದಿಂದ ತದಡಿ ಬಂದರು ಐದಾರು ಕಿಲೋಮೀಟರ್ ಅಷ್ಟೆ. ಅಘನಾಶಿನಿ ನದಿ ಕಡಲು ಸೇರೋ ಬಾಯಲ್ಲಿರೋ ಊರು. ಈ ನದಿ ಶಿರಸಿ ಹತ್ರ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಎಲ್ಲೂ ದೊಡ್ಡ ಅಣೆಕಟ್ಟಿಲ್ಲದೇ ಇಲ್ಲಿ ತನಕ ಹರಿದು ಬರುತ್ತೆ, ನಮ್ಮ ರಾಜ್ಯದಲ್ಲಿ ಹಂಗೆ ಉಳಿದಿರೋ ನದಿಗಳು ತೀರಾ ಕಡಿಮೆ. ಮೇಲಿಂದ ಬರೋ ಸಿಹಿನೀರು ಕೆಳಗಿಂದ ಏರೋ ಉಪ್ಪುನೀರು ಎರಡೂ ತಡೆಯಿಲ್ಲದೇ ಕೂಡೋದ್ರಿಂದಲೇ ಇಲ್ಲಿ ಮೀನು, ಬಳಚು (ಕೆಸರಲ್ಲಿರೋ ಚಿಪ್ಪು ಜೀವಿ), ಕಾಂಡ್ಲಾ ಗಿಡ (ಮ್ಯಾಂಗ್ರೋವ್), ಉಪ್ಪುನೀರು ತಡೆಯೋ ಕಗ್ಗ ಭತ್ತ ಎಲ್ಲಾ ಬದುಕಿರೋದು. 2024ರಲ್ಲಿ ಈ ಅಳಿವೆಗೆ, ಅಂದ್ರೆ ನದಿ ಕಡಲು ಸೇರೋ ಜಾಗಕ್ಕೆ, ರಾಮ್ಸಾರ್ ಮಾನ್ಯತೆ ಸಿಕ್ತು, ಮುಖ್ಯವಾದ ಜೌಗು ಪ್ರದೇಶಗಳಿಗೆ ಕೊಡೋ ಅಂತರರಾಷ್ಟ್ರೀಯ ಮಾನ್ಯತೆ ಅದು.

ಕಾರ್ ತದಡಿಯಲ್ಲೇ ಬಿಡಿ, ಮೀನಿನ ಲಾರಿ ತಿರುಗೋ ಜಾಗದಲ್ಲಿ ಮಾತ್ರ ಅಡ್ಡ ನಿಲ್ಲಿಸಬೇಡಿ. ಇಲ್ಲಿಂದ ಆಚೆ ದಡಕ್ಕೆ ಜನರನ್ನ ದಾಟಿಸೋ ದೋಣಿ ಹತ್ತಬೇಕು, ಬೈಕಲ್ಲಿ ಬಂದೋರು ಅದರಲ್ಲಿ ಬೈಕ್ ಹತ್ತಿಸ್ಕೋತಾರಾ ಅಂತ ಅಲ್ಲೇ ಕೇಳಿ. ಜನ ಸೇರಿದ ಹಾಗೆ ಬಿಡ್ತಾರೆ, ಹತ್ತು ನಿಮಿಷ ಕಾಯಬೇಕಾದ್ರೆ ಕಾಯಿರಿ, ಆಚೆ ದಡದ ಜನಕ್ಕೆ ಅದು ದಿನದ ಬಸ್ಸು, ಶಾಲೆ ಮಕ್ಕಳು, ಮೀನು ಬುಟ್ಟಿಯವರು, ಸಂತೆಗೆ ಹೋಗೋರು ಮೊದಲು ಹತ್ತಲಿ. ದೋಣಿ ಬಿಡೋ ತನಕ ಜೆಟ್ಟಿ ಮೇಲೆ ನೋಡೋಕೆ ಬೇಕಾದಷ್ಟಿದೆ. ಬಾವುಟ ಕಟ್ಟಿದ ಬೋಟುಗಳು ಸಾಲಾಗಿ ನಿಂತಿರುತ್ತೆ, ಬಲೆ ಹರಡ್ಕೊಂಡು ಕಾಲ್ಬೆರಳಿಗೆ ಸಿಕ್ಕಿಸ್ಕೊಂಡು ಹೊಲಿಯೋರು, ಐಸ್ ಪುಡಿ ಮಾಡೋ ಸದ್ದು, ಮೇಲೆ ಗರುಡ ಸುತ್ತಾ ಇರುತ್ತೆ. ಫೋಟೋ ತೆಗೀಬೇಕಾದ್ರೆ ಕೆಲಸ ಮಾಡೋರನ್ನ ಒಂದು ಮಾತು ಕೇಳಿ ತೆಗೀರಿ.

ಇಳಿತದ ಹೊತ್ತಿಗೇ ಬನ್ನಿ ಅಂದಿದ್ದು ಇದಕ್ಕೆ. ನೀರು ಇಳಿದಾಗ ಹೊಳೆ ಮಧ್ಯೆ ಮರಳು ದಿಬ್ಬ ಎದ್ದು ಕಾಣುತ್ತೆ, ಆಗ ಗಂಡಸರು ಹೆಂಗಸರು ಸಣ್ಣ ದೋಣಿಯಲ್ಲಿ ಬಂದು ಸೊಂಟದ ಮಟ್ಟ, ಒಮ್ಮೊಮ್ಮೆ ಎದೆ ಮಟ್ಟ ನೀರಲ್ಲಿ ನಿಂತು ಬಳಚು ಹೆಕ್ತಾರೆ. ಕಣ್ಣಿಗೆ ಕಾಣಲ್ಲ ಅದು, ಪಾದದಲ್ಲಿ ಕೆಸರು ತಡವಿ ತಡವಿ, ಗಟ್ಟಿ ಸಿಕ್ಕಿದ ಕೂಡಲೇ ಮುಳುಗಿ ಕೈಯಿಂದ ತೆಗೆದು ಬುಟ್ಟಿಗೆ ಹಾಕೋದು. ಬುಟ್ಟಿಯನ್ನ ನೀರಲ್ಲೇ ಅಲ್ಲಾಡಿಸಿದ್ರೆ ಕೆಸರು ಹೋಗಿ ಕಪ್ಪು ಕಂದು ಚಿಪ್ಪು ಮಾತ್ರ ಉಳಿಯುತ್ತೆ. ಉಬ್ಬರ ಶುರುವಾದ್ರೆ ಕೆಲಸ ಮುಗೀತು, ಎಲ್ರೂ ಎದ್ದು ಹೋಗ್ತಾರೆ. ಅರ್ಧ ಗಂಟೆ ಸುಮ್ನೆ ಕೂತು ನೋಡಿ. ನೀವು ಇಳಿಯೋದು ಬೇಡ, ಚಿಪ್ಪು ಕಾಲು ಕೊಯ್ಯುತ್ತೆ, ಅಳಿವೆಯ ಸೆಳವು ಗೊತ್ತಿಲ್ಲದೋರಿಗೆ ಅಪಾಯ.

ಆಚೆ ದಡ ಅಘನಾಶಿನಿ ಊರು. ತೆಂಗಿನ ತೋಟ, ಕೆಂಪು ಕಲ್ಲಿನ ಕಟ್ಟೆ, ಸಣ್ಣ ಅಂಗಡಿ. ಅಲ್ಲಿಂದ ಕಿರುಬೇಲೆ, ಕಾಗಾಲ ಕಡೆ ಖಾಲಿ ಬೀಚುಗಳಿವೆ. ನಡೆಯೋರು ನಡೀರಿ, ಇಲ್ಲ ರಿಕ್ಷಾ ಸಿಕ್ಕಿದ್ರೆ ಹೋಗೋ ಬರೋ ಎರಡೂ ಬಾಡಿಗೆ ಮಾತಾಡ್ಕೊಂಡೇ ಹತ್ತಿ, ವಾಪಸ್ಸಿಗೆ ಅಲ್ಲಿ ಗಾಡಿ ಸಿಗೋದು ಕಷ್ಟ. ಈ ಬೀಚುಗಳಲ್ಲಿ ಲೈಫ್‌ಗಾರ್ಡ್ ಇರಲ್ಲ, ಅಂಗಡಿ ಇರಲ್ಲ, ಹಂಗಾಗಿ ನೆರಳಲ್ಲಿ ಕೂರೋದು, ಮರಳಲ್ಲಿ ನಡೆಯೋದು, ಪಾದ ಒದ್ದೆ ಮಾಡ್ಕೊಳ್ಳೋದು ಅಷ್ಟಕ್ಕೇ ಇಟ್ಕೊಳ್ಳಿ. ವಾಪಸ್ ಬರೋ ಕೊನೇ ದೋಣಿ ಎಷ್ಟೊತ್ತಿಗೆ ಅಂತ ಹೋಗ್ತಾನೇ ಕೇಳಿರಬೇಕು.

ಊಟ

ಒಂದು ಗಂಟೆಯೊಳಗೆ ಕೂತ್ಬಿಡಿ. ಊಟದ ಹೋಟೆಲುಗಳಲ್ಲಿ ಎರಡು ದಾಟಿದ್ರೆ ಒಳ್ಳೇ ಮೀನು ಖಾಲಿ, ಉಳಿದಿದ್ದು ಕೊಡ್ತಾರೆ. ಬೀಚ್ ಪಕ್ಕದ ಶ್ಯಾಕಲ್ಲಿ ಪಾಸ್ತಾ ಪಿಜ್ಜಾ ಸಿಗುತ್ತೆ, ಬೇಕಾದ್ರೆ ಸಂಜೆ ತಿನ್ನಿ, ಮಧ್ಯಾಹ್ನ ಮಾತ್ರ ಊರವರು ಉಣ್ಣೋ ಕಡೆ ಹೋಗಿ. ಕುಚ್ಚಲಕ್ಕಿ ಅನ್ನ, ತೆಂಗಿನಕಾಯಿ ಅರೆದ ಮೀನು ಸಾರು, ರವೆ ಹಚ್ಚಿ ಹುರಿದ ಬಂಗಡೆ ಇಲ್ಲಾ ನೊಗಲಿ ಮೀನು, ಶೆಟ್ಲಿ (ಸಿಗಡಿ) ಸುಕ್ಕಾ, ಬಳಚಿನ ಪಲ್ಯ ಇದ್ರೆ ಅದೊಂದು ಪ್ಲೇಟ್ ಎಲ್ರೂ ಹಂಚ್ಕೊಳ್ಳಿ. ಈಗಷ್ಟೇ ಅದನ್ನ ಹೆಕ್ಕೋದು ನೋಡಿ ಬಂದಿರ್ತೀರ, ರುಚಿಯೇ ಬೇರೆ.

ಏನು ತಗೊಳ್ಳೋದು ಅಂತ ಗೊಂದಲ ಇದ್ರೆ ಬಡಿಸೋ ಅಕ್ಕನ್ನ ಕೇಳಿ. "ಅಕ್ಕಾ, ಇವತ್ತಿಂದು ಯಾವ್ದು?" ಅಂದ್ರೆ ಸಾಕು, "ತಮಾ, ಇಸ್ವಾಣ ನಿನ್ನೇದು, ಬಂಗಡೆ ತಗೋ" ಅಂತ ನೇರ ಹೇಳ್ತಾರೆ. ಹಸಿ ಮೀನು ತೋರ್ಸಿದ್ರೆ ಕಣ್ಣು ನೋಡಿ, ಉಬ್ಬಿ ಮಿಣಮಿಣ ಅನ್ಬೇಕು, ಕಿವಿರು ಎತ್ತಿದ್ರೆ ಕೆಂಪಿರಬೇಕು, ಬೆರಳಲ್ಲಿ ಒತ್ತಿದ್ರೆ ಗುಳಿ ಉಳೀಬಾರದು.

ಮೀನು ತಿನ್ನದೋರನ್ನ ಅದೇ ಹೋಟೆಲಲ್ಲಿ ಬರೀ ಸಾಂಬಾರ್ ಅನ್ನಕ್ಕೆ ಕೂರಿಸಬೇಡಿ. ದೇವಸ್ಥಾನದ ಸುತ್ತ ಒಳ್ಳೇ ಸಸ್ಯಾಹಾರಿ ಊಟ ಇದೆ, ತಂಬುಳಿ ಅಥವಾ ಅಪ್ಪೆಹುಳಿ (ಮಾವಿನಕಾಯಿಯ ತೆಳು ಸಾರು) ಇದ್ಯಾ ಅಂತ ಕೇಳಿ, ಬಿಸಿಲಿಗೆ ಅದಕ್ಕಿಂತ ಒಳ್ಳೇ ಮದ್ದಿಲ್ಲ. ಮುರುಗಲು (ಕೋಕಂ) ಶರಬತ್ತು ಎಲ್ರೂ ಕುಡೀರಿ. ಗುಂಪು ಒಂದು ಗಂಟೆ ಎರಡು ಕಡೆ ಉಂಡ್ರೆ ಸ್ನೇಹಕ್ಕೇನೂ ಆಗಲ್ಲ.

ಊಟ ಆದ್ಮೇಲೆ ನಾಲ್ಕು ಗಂಟೆ ತನಕ ಮಲಗಿ, ಇದು ಕಡ್ಡಾಯ. ನಾಳೆ ಗಾಡಿ ಓಡಿಸೋನು ಮೊದಲು ಮಲಗಲಿ.

ಸಂಜೆ: ಕುಡ್ಲೆ, ಮತ್ತೆ ನೀರಿಗೆ ಇಳಿಯೋದು

ಗೋಕರ್ಣದಲ್ಲಿ ಊರ ಮುಂದಿನ ಮೇನ್ ಬೀಚ್, ಆಮೇಲೆ ದಕ್ಷಿಣಕ್ಕೆ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್. ಆರಾಮ್ ದಿನಕ್ಕೆ ನನ್ನ ಆಯ್ಕೆ ಕುಡ್ಲೆ. ಓಂ ಬೀಚ್ ಮೇಲಿಂದ ನೋಡೋಕೆ ಬಹಳ ಚೆಂದ, ಆದ್ರೆ ಬಂಡೆ ಜಾಸ್ತಿ, ಜನ ಜಾಸ್ತಿ. ಕುಡ್ಲೆಯಿಂದ ಓಂಗೆ ಗುಡ್ಡದ ಮೇಲೆ ಅರ್ಧ ಗಂಟೆಯೊಳಗಿನ ನಡಿಗೆ, ಚಪ್ಪಲಿ ಬದಲು ಶೂ ಹಾಕಿ, ಉತ್ಸಾಹ ಇದ್ದೋರು ನಾಲ್ಕೂವರೆಗೆ ಹೋಗಿ ಮೇಲಿಂದ ನೋಡಿ ಬರಲಿ. ಹಾಫ್ ಮೂನ್ ಪ್ಯಾರಡೈಸ್ ದಾರಿ ಬಂಡೆ ಕಾಡು ಎರಡೂ ಇರೋದು, ಕತ್ತಲಾದ್ರೆ ಕಷ್ಟ, ಇವತ್ತು ಬೇಡ.

ನೀರಿನ ವಿಷಯದಲ್ಲಿ ಮಾತ್ರ ದಯವಿಟ್ಟು ಗಂಭೀರವಾಗಿ ಓದಿ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಪ್ರವಾಸಕ್ಕೆ ಬಂದಿದ್ದ ಶಾಲೆಯ ನಾಲ್ಕು ಹೆಣ್ಣುಮಕ್ಕಳು ಕಡಲಲ್ಲಿ ತೀರಿಕೊಂಡ್ರು. ಕೆರೆ, ಬಾವಿ, ಈಜುಕೊಳದಲ್ಲಿ ಈಜಿ ಗೊತ್ತಿದ್ರೂ ಕಡಲು ಬೇರೆ. ಅಲೆ ದಡಕ್ಕೆ ತಂದ ನೀರು ವಾಪಸ್ ಹೋಗೋಕೆ ಒಂದು ಓಣಿ ಮಾಡ್ಕೊಳ್ಳುತ್ತೆ, ಆ ಓಣಿಯಲ್ಲಿ ಸಿಕ್ಕೋರನ್ನ ಒಳಗೆ ಎಳ್ಕೊಂಡು ಹೋಗುತ್ತೆ. ಗುರುತು ಹಿಡಿಯೋದು ಹೇಗಂದ್ರೆ, ಎರಡು ಕಡೆ ಬಿಳಿ ನೊರೆ ಅಲೆ ಒಡೀತಾ ಇದ್ದು ಮಧ್ಯೆ ಒಂದು ಪಟ್ಟಿ ಮಾತ್ರ ಅಲೆ ಇಲ್ಲದೇ ಕಪ್ಪಗೆ, ಕಲಕಿದಂಗೆ ಕಾಣ್ತಿದ್ರೆ ಅದೇ ಜಾಗ. ಹೊಸಬರು ಅಲೆ ಇಲ್ಲ ಅಂತ ಸರಿಯಾಗಿ ಅಲ್ಲೇ ಇಳೀತಾರೆ. ಸಿಕ್ಕಿಬಿದ್ರೆ ದಡದ ಕಡೆ ಎದುರು ಈಜಬೇಡಿ, ಕೈಕಾಲು ಸೋತುಹೋಗುತ್ತೆ. ತೇಲ್ತಾ ಕೈ ಎತ್ತಿ ಕೂಗಿ, ದಡಕ್ಕೆ ಸಮವಾಗಿ ಪಕ್ಕಕ್ಕೆ ಈಜಿ ಓಣಿಯಿಂದ ಹೊರಗೆ ಬಂದ್ಮೇಲೆ ಅಲೆ ಜೊತೆ ದಡಕ್ಕೆ ಬನ್ನಿ. ದಡದಲ್ಲಿರೋ ಫ್ರೆಂಡ್ ಹಿಂದೆಯೇ ಹಾರಬಾರದು, ಗಾರ್ಡನ್ನ ಕರೀಬೇಕು, ತೇಲೋ ವಸ್ತು ಏನಾದ್ರೂ ಎಸೀಬೇಕು.

ಗಾರ್ಡ್ ಇರೋ ಕಡೆ ಮಾತ್ರ ಇಳೀರಿ, ಅವರು ಇವತ್ತು ಬೇಡ ಅಂದ್ರೆ ಬೇಡ. ಮೇನ್ ಬೀಚಲ್ಲಿ ಸೆಳವು ಜಾಸ್ತಿ, ಅಲ್ಲಿ ಪಾದ ತೊಳೆದು ಬನ್ನಿ ಸಾಕು. ಸೊಂಟ ದಾಟಿ ಹೋಗಬೇಡಿ, ಇಬ್ಬಿಬ್ಬರು ಜೋಡಿಯಾಗಿ ಇಳೀರಿ, ಒಬ್ಬರು ದಡದಲ್ಲಿ ಕೂತು ತಲೆ ಎಣಿಸ್ತಾ ಇರಲಿ. ಕುಡಿದೋರು ನೀರಿಗಿಲ್ಲ, ಕತ್ತಲಾದ್ಮೇಲೆ ಯಾರೂ ಇಲ್ಲ. ಪಾಚಿ ಕಟ್ಟಿದ ಬಂಡೆ ಮೇಲೆ ನಿಂತು ಸೆಲ್ಫಿ ತೆಗೆಯೋದು ನೀರಿಗೆ ಇಳಿಯೋದಕ್ಕಿಂತ ಅಪಾಯ, ದೊಡ್ಡ ಅಲೆ ಹೇಳಿ ಬರಲ್ಲ.

ಡಿಸೆಂಬರ್‌ನಲ್ಲಿ ಆರು ದಾಟ್ತಿದ್ದಂಗೆ, ಏಪ್ರಿಲ್‌ನಲ್ಲಿ ಆರೂಮುಕ್ಕಾಲಿಗೆ ಸೂರ್ಯ ಮುಳುಗುತ್ತೆ. ಅದಕ್ಕೆ ಅರ್ಧ ಗಂಟೆ ಮುಂಚೆ ನೀರಿಂದ ಎದ್ದು, ಒಣ ಬಟ್ಟೆ ಹಾಕ್ಕೊಂಡು, ಒಂದು ಕಡೆ ಕೂತ್ಕೊಳ್ಳಿ, ಕೈಯಲ್ಲಿ ಒಂದು ಚಹಾ ಇರಲಿ. ಮುಳುಗಿದ ಕೂಡ್ಲೇ ಎದ್ದು ಹೋಗೋರೇ ಜಾಸ್ತಿ, ನೀವು ಇನ್ನೂ ಇಪ್ಪತ್ತು ನಿಮಿಷ ಕೂರಿ, ಬಣ್ಣ ನಿಜವಾಗಿ ಬರೋದು ಆಮೇಲೆ. ಕೂತ ಜಾಗದ ಕಸ ನಿಮ್ಮ ಕವರಿಗೆ, ಪಕ್ಕದೋರು ಬಿಟ್ಟ ಎರಡು ಬಾಟ್ಲಿಯೂ ಅದರಲ್ಲೇ ಹೋಗಲಿ.

ರಾತ್ರಿ, ನಾಳೆಗೆ

ಬೈಕಲ್ಲಿ ಬಂದೋರು ಚೈನಿಗೆ ಸಿಹಿನೀರು ಹಾಕಿ ಒರೆಸಿ ಆಯಿಲ್ ಬಿಡಿ, ಕಡಲ ಗಾಳಿಗೆ ಬೇಗ ತುಕ್ಕು ಹಿಡಿಯುತ್ತೆ. ಕಾರೊಳಗಿನ ಮರಳು ಕೊಡವಿ, ಒದ್ದೆ ಬಟ್ಟೆ ರಾತ್ರಿಯೇ ಸಿಹಿನೀರಲ್ಲಿ ಅದ್ದಿ ಹಿಂಡಿ ಫ್ಯಾನ್ ಕೆಳಗೆ ಹಾಕಿ, ಉಪ್ಪಿರೋ ಬಟ್ಟೆ ಎಷ್ಟು ಒಣಗಿಸಿದ್ರೂ ಜಿಗಿಜಿಗಿ ಅನ್ನುತ್ತೆ. ಪೆಟ್ರೋಲು, ಟೈರ್ ಗಾಳಿ ಬೆಳಿಗ್ಗೆ ಹೈವೇಗೆ ಹತ್ತಿದ್ಮೇಲೆ ನೋಡ್ಕೊಳ್ಳಬಹುದು. ಉತ್ತರಕ್ಕೆ ಹೋಗೋರು ಆರೂವರೆಗೆ ಹೊರಟ್ರೆ ಕಾರವಾರ ಸುಮಾರು 60 ಕಿಲೋಮೀಟರ್, ಕಾಳಿ ಸೇತುವೆ ದಾಟೋಕೆ ಮುಂಚೆ ಅಲ್ಲೇ ತಿಂಡಿ ಮುಗಿಸಬಹುದು. ದಕ್ಷಿಣಕ್ಕೆ ಹೋಗೋರು ಇನ್ನೂ ಸ್ವಲ್ಪ ಮಲಗಿ, ಬಿಸಿಲು ಏರೋಕೆ ಮುಂಚೆ ಮಿರ್ಜಾನ್ ಕೋಟೆ ನೋಡ್ಕೊಂಡು ಕುಮಟಾದಲ್ಲಿ ತಿಂಡಿಗೆ ನಿಲ್ಲಿ.